ಅಳತೆ ಇಲ್ಲದ ಅಡುಗೆ, ಹದ ತಪ್ಪದ ರುಚಿ

ಹೈದರಾಬಾದ್: ಸುಲ್ತಾನ್ ಬಜಾರಿಗೆ ಹೊಂದಿಕೊಂಡಿರುವ ಬಡಿ ಚೌಡಿ ಮಾರುಕಟ್ಟೆಯಲ್ಲಿ ‘ಪುಂಟಿಕೂರ’ ಎಂದು ಕೇಳಿ ಕೊಂಡ ಸೊಪ್ಪು ಕನ್ನಡಿಗರ ಮನೆಯ ಒಲೆಯ ಮೇಲೆ ‘ಪುಂಡಿಪಲ್ಯ’ವಾಗುತ್ತದೆ. ಸೊಪ್ಪು ಒಂದೇ, ಹೆಸರು ಎರಡು. ಅದನ್ನು ಊರಿನ ರುಚಿಗೆ ತರುವ ವಿದ್ಯೆ ಮಾತ್ರ ಯಾವ ಅಡುಗೆ ಪುಸ್ತಕದಲ್ಲೂ ಪೂರ್ತಿಯಾಗಿ ಸಿಗದು.

ಹಿಂದೆ ರೆಸಿಡೆನ್ಸಿ ಬಜಾರ್ ಎನಿಸಿಕೊಂಡು ಬ್ರಿಟಿಷರ ಕೈಯಲ್ಲಿದ್ದ ಈ ಪೇಟೆ 1933ರಲ್ಲಿ ನಿಜಾಮರಿಗೆ ಮರಳಿ ಸುಲ್ತಾನ್ ಬಜಾರ್ ಆಯಿತು. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದು, ನೌಕರಿ, ವ್ಯಾಪಾರವೆಂದು ಬಂದವರು ಇಲ್ಲೇ ನೆಲೆಸಿದರು. ಮುಂದೆ ಮೈಸೂರು, ಕರಾವಳಿ ಕಡೆಯವರೂ ವರ್ಗವಾಗಿ ಬಂದರು. ಊರಿನ ಸಾಮಾನು ಸಿಗದಾಗ ಸಿಕ್ಕಿದ್ದರಲ್ಲೇ ಅಡುಗೆ ಸಾಗಿತು.

ಬರೆದಿಟ್ಟ ಅಳತೆ ಇಲ್ಲಿ ಕೈಕೊಡುವುದು ಸಹಜ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಲೆಕ್ಕದಲ್ಲಿ ಗುಂಟೂರು ಮೆಣಸಿನಕಾಯಿ ಹಾಕಿದರೆ ಸಾರಿನ ಜೊತೆ ಕಣ್ಣೀರೂ ಬಂದೀತು. ಮಂಗಳೂರು ಸೌತೆಯ ಬದಲು ದೋಸಕಾಯಿ ತಂದವರು ಮೊದಲು ಒಂದು ಚೂರು ಬಾಯಿಗೆ ಹಾಕಿಕೊಳ್ಳಬೇಕು. ಕಹಿ ಇದ್ದರೆ ಬಿಡಬೇಕು, ಹುಳಿ ಇದ್ದರೆ ಹುಣಸೆಹಣ್ಣು ಕಡಿಮೆ ಮಾಡಬೇಕು. ಕೆಂಪು ದಂಟಿನ ಪುಂಡಿಗೆ ಹುಳಿ ಜಾಸ್ತಿ, ಬೇಳೆ ಮತ್ತು ಜೋಳದ ನುಚ್ಚು ಒಂದು ಹಿಡಿ ಹೆಚ್ಚೇ ಬೇಕು. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಇರದು, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿದರೆ ತಕ್ಕಮಟ್ಟಿಗೆ ಕೂಡಿಕೊಳ್ಳುತ್ತದೆ. ಎಸರೆಷ್ಟು ಎಂದರೆ, ಹಿಟ್ಟು ಕೇಳಿದಷ್ಟು!

ಈಗ ಮೂರನೆಯ ತಲೆಮಾರಿನ ಮಕ್ಕಳು ಪುಣೆ, ಬೆಂಗಳೂರು, ಅಮೆರಿಕದಿಂದ ಫೋನ್ ಮಾಡುತ್ತಾರೆ. “ಅವ್ವಾ, ಬ್ಯಾಳಿ ಎಷ್ಟು ಹಾಕ್ಲಿ?” ಎಂದರೆ, “ಸೊಪ್ಪು ನೋಡಿ ಹಾಕವ್ವ” ಎಂಬ ಉತ್ತರ. ಮಗಳಿಗೆ ಸಿಟ್ಟು ಬರುತ್ತದೆ. ತಾಯಿಯಾದರೂ ಏನು ಹೇಳಿಯಾಳು? ಆಕೆ ಒಮ್ಮೆಯೂ ಅಳೆದವಳಲ್ಲ. ಆಕೆಯ ಲೆಕ್ಕವೆಲ್ಲ ಕಣ್ಣಿನಲ್ಲಿ, ಮೂಗಿನಲ್ಲಿ, ಅಂಗೈಯಲ್ಲಿ.

ಅಡುಗೆಯ ಜೊತೆ ಮಾತೂ ಹೋಗುತ್ತಿದೆ ಎಂಬುದು ಯೋಚಿಸಬೇಕಾದ ಸಂಗತಿ. ಒಗ್ಗರಣೆ ‘ಪೋಪು’ ಆಗಿದೆ, ಪುಂಡಿ ‘ಗೋಂಗೂರ’ವಾಗಿದೆ. ಚಿಟಿಕೆ, ಹಿಡಿ, ಎಸರು, ಜಿಗಿ, ಹದ ಎಂಬ ಮಾತುಗಳನ್ನು ಶಾಲೆಯಲ್ಲಿ ಕನ್ನಡ ಓದದ ಮಕ್ಕಳು ಕೇಳುವುದು ಅಡುಗೆಮನೆಯಲ್ಲಿ ಮಾತ್ರ. ಅಲ್ಲಿಯೂ ಕೇಳದಿದ್ದರೆ ಮತ್ತೆಲ್ಲಿ?

ರಜೆಗೆ ಬಂದ ಮಕ್ಕಳಿಗೆ, ಗಂಡುಮಕ್ಕಳಿಗೂ ಸೇರಿ, ಬಡಿಸುವುದರ ಜೊತೆಗೆ ಒಲೆಯ ಮುಂದೆ ನಿಲ್ಲಿಸಿ ಸೌಟು ಕೈಗೆ ಕೊಡುವುದು ಒಳ್ಳೆಯದು. ಒಂದೆರಡು ಸಲ ಉಪ್ಪು ಹೆಚ್ಚಾಗಲಿ, ರೊಟ್ಟಿ ಹರಿಯಲಿ. ನಮ್ಮ ಸಂಘಗಳೂ ರಾಜ್ಯೋತ್ಸವದ ಊಟದ ದಿನ ಹಿರಿಯರ ಪಕ್ಕದಲ್ಲಿ ಒಬ್ಬೊಬ್ಬ ಕಿರಿಯರನ್ನು ನಿಲ್ಲಿಸಬಹುದು. ಇದಕ್ಕೆ ಖರ್ಚಿಲ್ಲ. ಆದರೆ ಕಲಿಸಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ, ತಡಮಾಡುವಂತಿಲ್ಲ.