ಮಾಂತ್ರಿಕ ಕತ್ತಿ ಕೊಡೋ ಮುನ್ನ ಮೇಜಿನ ಸುತ್ತ ಒಮ್ಮೆ ನೋಡಿ

ಭಸ್ಮಾಸುರನ ಕತೆ ನಮಗೆಲ್ಲ ಗೊತ್ತು. ತಪಸ್ಸಿಗೆ ಮೆಚ್ಚಿದ ಶಿವ ಹಿಂದೆ ಮುಂದೆ ನೋಡದೆ ವರ ಕೊಟ್ಟ. ಆಮೇಲೆ ಜೀವ ಕೈಯಲ್ಲಿ ಹಿಡಿದು ಓಡಬೇಕಾಗಿ ಬಂದದ್ದೂ ಅವನಿಗೇ. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡಿಸುವ ಡಂಜನ್ ಮಾಸ್ಟರ್‌ಗೂ, ಅಂದರೆ ಡಿಎಂಗೂ, ಇಂಥ ಓಟ ಹೊಸದಲ್ಲ. ಮೂರನೇ ವಾರ ಖುಷಿಯಿಂದ ಕೊಟ್ಟ ಒಂದು ಮಾಂತ್ರಿಕ ವಸ್ತು ಹತ್ತನೇ ವಾರದ ಹೊತ್ತಿಗೆ ಇಡೀ ಆಟವನ್ನೇ ನುಂಗಿಬಿಡಬಹುದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ನಾಲ್ಕೈದು ಜನ ಒಂದೊಂದು ಪಾತ್ರ ವಹಿಸ್ತಾರೆ, ಡಿಎಂ ಕತೆ ನಡೆಸ್ತಾರೆ, ಗೆಲುವು ಸೋಲು ದಾಳಗಳ ಮೇಲೆ. ಗುಹೆ ಹೊಕ್ಕು ರಾಕ್ಷಸನನ್ನು ಸೋಲಿಸಿದರೆ ನಿಧಿ ಸಿಗುತ್ತೆ. ಆ ನಿಧಿಯಲ್ಲಿ ಏನಿಡಬೇಕು ಅನ್ನೋದೇ ಡಿಎಂ ತಲೆನೋವು. ಕಡಿಮೆ ಕೊಟ್ಟರೆ ಜಿಪುಣ. ಜಾಸ್ತಿ ಕೊಟ್ಟರೆ ‘ಮಾಂಟಿ ಹಾಲ್’! ಬಹುಮಾನ ಹಂಚುತ್ತಿದ್ದ ಅಮೆರಿಕದ ಟಿವಿ ನಿರೂಪಕರೊಬ್ಬರ ಹೆಸರಿನ ಮೇಲೆ ಹುಟ್ಟಿಕೊಂಡ ಹಳೇ ಬೈಗುಳ ಇದು.

ಲೆಕ್ಕ ಕೆಡೋದು ಎಲ್ಲಿ?

ಬಹಳ ಜನ ಅಂದುಕೊಳ್ಳೋದು, ವಸ್ತು ಜೋರಾದರೆ ರಾಕ್ಷಸನನ್ನೂ ಜೋರು ಮಾಡಿದರಾಯ್ತು ಅಂತ. ಸಮಸ್ಯೆ ಅಷ್ಟು ಸರಳ ಇಲ್ಲ. 2014ರ ಐದನೇ ಆವೃತ್ತಿಯ ನಿಯಮಗಳನ್ನೇ ಹಿಡಿದು ನೋಡೋಣ.

ಪ್ಲೇಟ್ ಕವಚ, ಗುರಾಣಿ ಎರಡೂ ಇರೋ ಯೋಧನ ರಕ್ಷಣಾ ಅಂಕ, ಅಂದರೆ ಎಸಿ, 20. ಗಾಬ್ಲಿನ್ ಹೊಡೆಯುವಾಗ ಇಪ್ಪತ್ತು ಮುಖದ ದಾಳ ಉರುಳಿಸಿ 4 ಕೂಡಿಸಬೇಕು. ದಾಳದಲ್ಲಿ 16 ಅಥವಾ ಹೆಚ್ಚು ಬಿದ್ದರೆ ಏಟು ತಗುಲುತ್ತೆ. ಅಂದರೆ ಇಪ್ಪತ್ತರಲ್ಲಿ 5 ಸಲ. ಈಗ ಆ ಯೋಧನಿಗೆ +2 ಕವಚ, +2 ಗುರಾಣಿ ಕೊಟ್ಟೆವು ಅನ್ನಿ. ಎಸಿ 24 ಆಯ್ತು. ಇನ್ನು ಗಾಬ್ಲಿನ್‌ಗೆ 20 ಬಿದ್ದರೆ ಮಾತ್ರ ಏಟು. ಇಪ್ಪತ್ತರಲ್ಲಿ ಒಂದೇ ಸಲ. ನೋಡೋಕೆ ಸಣ್ಣ ಸಂಖ್ಯೆ, ಆದರೆ ತಗುಲುವ ಏಟು ಐದನೇ ಒಂದು ಭಾಗಕ್ಕೆ ಇಳೀತು.

ಸರಿ, ಡಿಎಂ ಬಲವಾದ ರಾಕ್ಷಸನನ್ನು ತಂದ್ರು. ದಾಳಕ್ಕೆ 10 ಕೂಡಿಸಿಕೊಳ್ಳುವವನು. ಯೋಧನಿಗೆ ಈಗ ಇಪ್ಪತ್ತರಲ್ಲಿ 7 ಸಲ ಏಟು ಬೀಳುತ್ತೆ, ಆಟ ಮತ್ತೆ ರಂಗೇರಿತು. ಆದರೆ ಪಕ್ಕದಲ್ಲಿ ಎಸಿ 12ರ ಮಂತ್ರವಾದಿ ನಿಂತಿದ್ದಾಳಲ್ಲ? ಅವಳಿಗೆ ಇಪ್ಪತ್ತರಲ್ಲಿ 19 ಸಲ! ಯೋಧನಿಗೆ ಕೊಟ್ಟ ಉಡುಗೊರೆಯ ಬಿಲ್ ಕಟ್ಟಿದ್ದು ಮಂತ್ರವಾದಿ.

ಮಾಂತ್ರಿಕ ವಸ್ತುವಿನ ಸಮತೋಲನ ಅಂದರೆ ಆಟಗಾರರಿಗೂ ರಾಕ್ಷಸರಿಗೂ ನಡುವಿನದ್ದು ಮಾತ್ರ ಅಲ್ಲ. ಅದಕ್ಕಿಂತ ಮುಖ್ಯವಾದದ್ದು ಒಂದೇ ಮೇಜಿನ ಸುತ್ತ ಕೂತ ಗೆಳೆಯರ ನಡುವಿನದ್ದು. ರಾಕ್ಷಸ ಬೇಜಾರು ಮಾಡ್ಕೊಳ್ಳಲ್ಲ. ವಾರವಿಡೀ ಆಫೀಸಲ್ಲಿ ದುಡಿದು, ಭಾನುವಾರ ಮೂರು ಗಂಟೆ ಹೊಂದಿಸಿಕೊಂಡು ಬಂದ ಗೆಳತಿ ಮಾಡ್ಕೊಳ್ತಾಳೆ. ಎರಡು ವಾರ ‘ಕೆಲಸ ಇದೆ’ ಅಂತಾಳೆ, ಮೂರನೇ ವಾರ ಮೆಸೇಜೂ ಬರಲ್ಲ.

ಲೇಬಲ್ ನೋಡಿ ಮೋಸ ಹೋಗ್ಬೇಡಿ

ವಸ್ತುಗಳಿಗೆ ಕಾಮನ್, ಅನ್‌ಕಾಮನ್, ರೇರ್, ವೆರಿ ರೇರ್, ಲೆಜೆಂಡರಿ ಅಂತ ದರ್ಜೆಗಳಿವೆ, ಇವೆಲ್ಲಕ್ಕೂ ಮೇಲೆ ಆರ್ಟಿಫ್ಯಾಕ್ಟ್. +1 ಕತ್ತಿ ಅನ್‌ಕಾಮನ್. ಹಾರುವ ಪೊರಕೆಯೂ ಅನ್‌ಕಾಮನ್! ಕತ್ತಿ ಕೊಡೋದು ಪ್ರತಿ ಏಟಿಗೆ ಶೇ. 5ರಷ್ಟು ಹೆಚ್ಚು ಅವಕಾಶ, ಜೊತೆಗೆ ಒಂದಂಕ ಹೆಚ್ಚು ಪೆಟ್ಟು, ಅಷ್ಟೇ. ಪೊರಕೆ ಕೊಡೋದು ಕಂದಕ, ಕೋಟೆಗೋಡೆ, ನದಿ ಎಲ್ಲದರಿಂದ ಬಿಡುಗಡೆ. ಇನ್ನೂ ತಮಾಷೆ ನೋಡಿ: ಒಂದು ಗಂಟೆ ಮಾತ್ರ ಹಾರಿಸುವ ಪೋಶನ್‌ಗೆ 2014ರ ಪುಸ್ತಕ ಕೊಟ್ಟ ದರ್ಜೆ ವೆರಿ ರೇರ್.

ಹಾಗಾಗಿ ದರ್ಜೆಗಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ವಸ್ತು ಯಾರ ಕೆಲಸ ಕಿತ್ತುಕೊಳ್ಳುತ್ತೆ? ಗುಂಪಿನಲ್ಲಿ ಗೋಡೆ ಹತ್ತಿ ಗುಟ್ಟು ತಿಳಿದು ಬರೋ ಕಳ್ಳಿಯ ಪಾತ್ರ ಇದ್ದರೆ, ಪೊರಕೆ ಬೇರೆಯವರ ಕೈ ಸೇರಿದ ದಿನ ಅವಳ ಅರ್ಧ ಕೆಲಸ ಹೋಯ್ತು. ಅದೇ ಪೊರಕೆ ಅವಳಿಗೇ ಸಿಕ್ಕರೆ ಎಲ್ಲರಿಗೂ ಲಾಭ. ವಸ್ತು ಒಂದೇ, ಕೈ ಮಾತ್ರ ಬೇರೆ.

ಆಟದೊಳಗೇ ಇರುವ ಬ್ರೇಕುಗಳು

ಒಂದು, ಅಟ್ಯೂನ್‌ಮೆಂಟ್. ಕೆಲವು ವಸ್ತುಗಳ ಜೊತೆ ಪಾತ್ರ ನಂಟು ಬೆಳೆಸಿಕೊಳ್ಳಬೇಕು, ಮತ್ತು ಒಬ್ಬರಿಗೆ ಒಂದು ಹೊತ್ತಿಗೆ ಮೂರೇ ನಂಟು. ನೀವೇ ಹೊಸ ವಸ್ತು ಕಲ್ಪಿಸಿದ್ದೀರಾ? ಜೋರು ಅನ್ನಿಸಿದರೆ ಅಟ್ಯೂನ್‌ಮೆಂಟ್ ಬೇಕು ಅಂತ ಬರೆದುಬಿಡಿ. ಆಟಗಾರ ಏನನ್ನೋ ಬಿಟ್ಟು ಇದನ್ನು ಆರಿಸಬೇಕಾಗುತ್ತೆ.

ಎರಡು, ಚಾರ್ಜ್. ಮ್ಯಾಜಿಕ್ ಮಿಸೈಲ್ ದಂಡಕ್ಕೆ 7 ಚಾರ್ಜ್. ಬೆಳಗಾದರೆ ಒಂದಿಷ್ಟು ತುಂಬಿಕೊಳ್ಳುತ್ತೆ. ಆದರೆ ಕೊನೆಯದನ್ನೂ ಬಳಸಿದರೆ ಇಪ್ಪತ್ತರ ದಾಳ ಉರುಳಿಸಬೇಕು, 1 ಬಿದ್ದರೆ ದಂಡ ಬೂದಿ. ಆ ಕೊನೆಯ ಚಾರ್ಜ್ ಬಳಸಲೋ ಬೇಡವೋ ಅಂತ ಇಡೀ ಮೇಜು ಉಸಿರು ಬಿಗಿಹಿಡಿಯುವ ಕ್ಷಣ ಇದೆಯಲ್ಲ, ಅದೇ ನಿಜವಾದ ಉಡುಗೊರೆ.

ಮೂರು, ಒಂದೇ ಸಲ ಬಳಸುವ ವಸ್ತು. ಇದಕ್ಕೆ ಪಾಠ ನಮ್ಮ ಮಹಾಭಾರತದಲ್ಲೇ ಇದೆ. ಕರ್ಣ ಕವಚ ಕುಂಡಲ ಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧ ಒಂದೇ ಸಲಕ್ಕೆ. ಅರ್ಜುನನಿಗೆಂದು ಕಾದಿಟ್ಟದ್ದು ಘಟೋತ್ಕಚನ ಮೇಲೆ ಖರ್ಚಾಯ್ತು. ದಿನಾ ಬಳಸುವ ಆಯುಧ ಆಗಿದ್ದರೆ ಆ ರಾತ್ರಿಗೆ ಅಷ್ಟು ಭಾರ ಇರುತ್ತಿರಲಿಲ್ಲ. ಪೋಶನ್, ಸ್ಕ್ರಾಲ್‌ಗಳನ್ನು ಧಾರಾಳವಾಗಿ ಕೊಡಿ, ಶಾಶ್ವತ ವಸ್ತುಗಳನ್ನು ಯೋಚಿಸಿ ಕೊಡಿ. ತಪ್ಪಿದರೂ ಒಂದು ಸಂಜೆಗೆ ಮುಗಿಯುತ್ತೆ.

ಆಗಲೇ ಕೊಟ್ಟಾಗಿದ್ರೆ?

ದಯವಿಟ್ಟು ಕಳ್ಳನನ್ನು ಕಳಿಸಿ ಕದಿಸ್ಬೇಡಿ. ಆಟಗಾರರಿಗೆ ತಕ್ಷಣ ಗೊತ್ತಾಗುತ್ತೆ, ಆಮೇಲೆ ನೀವು ಕೊಡೋ ಯಾವ ನಿಧಿಯನ್ನೂ ಅವರು ನಂಬಲ್ಲ. ಎಲ್ಲಾ ರಾಕ್ಷಸರಿಗೂ ದಿಢೀರನೆ ಆ ವಸ್ತುವಿನಿಂದ ರಕ್ಷಣೆ ಬರಿಸೋದೂ ಅಷ್ಟೇ, ಕೊಟ್ಟು ಕಿತ್ಕೊಂಡ ಹಾಗೆ.

ಮೊದಲು ಉಳಿದವರನ್ನು ಮೇಲೆತ್ತಿ. ಮುಂದಿನ ಎರಡು ನಿಧಿಗಳು ಹಿಂದೆ ಬಿದ್ದವರ ಪಾತ್ರಕ್ಕೆ ಹೊಂದುವಂತಿರಲಿ. ಯುದ್ಧವನ್ನೂ ಬರೀ ಹೊಡೆದಾಟ ಮಾಡ್ಬೇಡಿ. ಸೇತುವೆ ಕುಸೀತಿದೆ, ಒತ್ತೆಯಾಳುಗಳನ್ನು ಬಿಡಿಸಬೇಕು, ಮುಚ್ಚುತ್ತಿರೋ ಬಾಗಿಲ ಮಂತ್ರ ಓದಬೇಕು ಅಂತಿದ್ದರೆ ಎಸಿ 24ರ ಯೋಧನೊಬ್ಬನಿಂದ ಎಲ್ಲಾ ಆಗಲ್ಲ. ಅಷ್ಟಕ್ಕೂ ಸರಿ ಹೋಗದಿದ್ದರೆ ಆಟದ ಹೊರಗೆ, ಕಾಫಿ ಕುಡೀತಾ ನೇರವಾಗಿ ಮಾತಾಡಿ: ‘ಈ ಕತ್ತಿ ಆಟ ಕೆಡಿಸ್ತಿದೆ, ಬದಲಿಗೆ ಏನು ಕೊಟ್ರೆ ನಿಂಗೆ ಓಕೆ?’ ಬಹಳಷ್ಟು ಸಲ ಆಟಗಾರರೇ ದಾರಿ ಹೇಳ್ತಾರೆ. ಅವರಿಗೂ ಬೇಕಿರೋದು ಎಲ್ಲರೂ ನಗುವ ಮೇಜೇ.

ಮುಂದಿನ ಸಲ ನಿಧಿ ಪೆಟ್ಟಿಗೆ ತುಂಬುವಾಗ ಪುಸ್ತಕದ ಪಟ್ಟಿ ಆಮೇಲೆ ತೆಗೀರಿ. ಮೊದಲು ಆಟಗಾರರ ಹೆಸರು ಒಂದು ಚೀಟಿಯಲ್ಲಿ ಬರೀರಿ. ಕಳೆದ ಮೂರು ವಾರದಲ್ಲಿ ಯಾರಿಗೆ ಮಿಂಚೋಕೆ ಅವಕಾಶ ಸಿಗಲಿಲ್ವೋ, ಪೆಟ್ಟಿಗೆ ಅವರಿಗಾಗಿ ತೆರೀಲಿ.