ಮನೆಯ ಡಾಕ್ಟರರ ಹೊಸ ಪೀಳಿಗೆ

ಕೃಷ್ಣಾ ತೀರದ ಕಬ್ಬಿನ ಸೀಮೆಯಾದ ಕಾಗವಾಡದಲ್ಲಿ ಯಾರದಾದರೂ ಕಾಯಿಲೆ ಬಲಿಯಿತೆಂದರೆ ಹಿರಿಯರ ಬಾಯಿಂದ ಹೊರಡುವ ಮೊದಲ ಮಾತು, 'ಮಿರಜಿಗೆ ಒಯ್ಯಿರಿ' ಎಂಬುದು. ಇದು ಇಂದು ನಿನ್ನೆಯ ರೂಢಿಯಲ್ಲ. ಮಿಷನರಿ ವೈದ್ಯರಾದ ವಿಲಿಯಂ ವಾನ್‌ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಈ ಭಾಗದ ಕನ್ನಡಿಗರಿಗೆ ಆ ಊರು ಪರಿಚಿತ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಡುವೆ ಗಡಿರೇಖೆಯೊಂದು ಬಂದಿತು. ಆದರೆ ಜ್ವರಕ್ಕೂ ಹೆರಿಗೆ ನೋವಿಗೂ ಗಡಿಯ ಹಂಗೆಲ್ಲಿಯದು?

ಮಿರಜಿಗೂ ಮನೆಗೂ ನಡುವೆ ನಿಂತಿದ್ದವರು ಊರಿನ ಡಾಕ್ಟರರು. ಕಳೆದ ಶತಮಾನದ ನಡುಭಾಗದಲ್ಲಿ ಇವರಲ್ಲಿ ಅನೇಕರು ಎಲ್.ಎಂ.ಪಿ. ಆದವರು. ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯಶಿಕ್ಷಣ ಸಾಕೆಂದು ಭೋರ್ ಸಮಿತಿಯು 1946ರಲ್ಲಿ ಸಲಹೆ ಮಾಡಿದ ಮೇಲೆ ಆ ತರಬೇತಿ ಕ್ರಮೇಣ ನಿಂತಿತು. ದವಾಖಾನೆಯ ಒಳಗೆ ಕಂಪೌಂಡರು ಕಲಸುತ್ತಿದ್ದ ಕೆಂಪು ಮಿಕ್ಶ್ಚರು, ಬಾಟಲಿಗೆ ಅಂಟಿಸಿದ ಹಲ್ಲುಹಲ್ಲಾದ ಕಾಗದದ ಪಟ್ಟಿ, ಕುದಿಯುವ ನೀರಿನಲ್ಲಿ ಸದ್ದು ಮಾಡುವ ಗಾಜಿನ ಸಿರಿಂಜು—ಇವನ್ನು ಕಂಡವರು ಇನ್ನೂ ಇದ್ದಾರೆ. ಅಜ್ಜನ ಉಬ್ಬಸ, ಮಗನ ಕುಡಿತ, ಸೊಸೆಯ ಮೂಕ ಸಂಕಟ, ಇವೆಲ್ಲ ಆ ಡಾಕ್ಟರರಿಗೆ ತಿಳಿದಿರುತ್ತಿದ್ದವು. ಆದರೆ ತಿಳಿದದ್ದೆಲ್ಲ ಅವರ ತಲೆಯಲ್ಲಿ ಮಾತ್ರ. ಅವರು ಕಣ್ಮುಚ್ಚಿದಾಗ ಮೂರು ತಲೆಮಾರುಗಳ ಆರೋಗ್ಯದ ಚರಿತ್ರೆಯೂ ಅವರೊಡನೆ ಹೋಗುತ್ತಿತ್ತು.

ಇಂದಿನ ತರುಣ ವೈದ್ಯರ ಮೊದಲ ಜಗಳವಿರುವುದು ಸೂಜಿಯೊಡನೆ. 'ಸೂಜಿ ಮಾಡದವರು ಎಂಥ ಡಾಕ್ಟರರು' ಎಂಬ ಭಾವನೆ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ. ಸಾಮಾನ್ಯ ನೆಗಡಿಗೆ ವಿಶ್ರಾಂತಿ, ಬಿಸಿನೀರು, ಒಂದೆರಡು ಗುಳಿಗೆ ಸಾಕೆಂದು ಹೇಳಿದರೆ ರೋಗಿಯು ಎದ್ದು ಮುಂದಿನ ದವಾಖಾನೆಗೆ ನಡೆಯುವನು. ಹೋಗುವಾಗ ಶುಲ್ಕವನ್ನೂ ಒಯ್ಯುವನು. ಈ ನಷ್ಟವನ್ನು ಸಹಿಸಿ ಅದೇ ಮಾತನ್ನು ಆಡುವುದಕ್ಕೆ ಧೈರ್ಯ ಬೇಕು. ಅನಾವಶ್ಯಕವಾಗಿ ಕೊಟ್ಟ ಆಂಟಿಬಯಾಟಿಕ್ ಮುಂದೆ ಬೇಕಾದಾಗ ಕೈಕೊಡುವುದೆಂಬ ಭಯದಿಂದಲೇ ಸರಕಾರವು 2014ರಿಂದ ಕೆಲವು ಪ್ರಬಲ ಔಷಧಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ದಾಖಲೆಯಲ್ಲಿ ಬರೆದಿಡಬೇಕೆಂದು ವಿಧಿಸಿತು. ಕಾಯಿದೆ ಅಂಗಡಿಯನ್ನು ಹಿಡಿಯಬಲ್ಲದು. ರೋಗಿಯ ಮನಸ್ಸನ್ನು ತಿದ್ದುವ ಕೆಲಸ ವೈದ್ಯರ ಪಾಲಿಗೇ ಉಳಿದಿದೆ.

ಎರಡನೆಯ ಬದಲಾವಣೆ ಇನ್ನೂ ದೊಡ್ಡದು. ನೋವು ಬಂದಾಗ ಡಾಕ್ಟರರು ಎಂಬ ಕಾಲ ಹೋಗಿ, ನೋವಿಲ್ಲದಿರುವಾಗಲೇ ಹುಡುಕಬೇಕಾದ ಕಾಲ ಬಂದಿದೆ. ರಕ್ತದೊತ್ತಡ ಮತ್ತು ಸಕ್ಕರೆ ರೋಗ ಸದ್ದಿಲ್ಲದೆ ಒಳಹೊಕ್ಕು ಮೂತ್ರಪಿಂಡವನ್ನೋ ಕಣ್ಣನ್ನೋ ತಿಂದು ಮುಗಿಸಿದ ಮೇಲೆ ತಾವಿರುವುದನ್ನು ಪ್ರಕಟಿಸುತ್ತವೆ. 30 ವರ್ಷ ದಾಟಿದವರನ್ನೆಲ್ಲ ಪರೀಕ್ಷಿಸಬೇಕೆಂಬ ಸರಕಾರಿ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೆಸರು ಬರೆದುಕೊಳ್ಳುತ್ತಾರೆ. ಗದ್ದೆಯಿಂದ ಬಂದ ಗಟ್ಟಿಮುಟ್ಟಾದ ರೈತನಿಗೆ, 'ಕಾಕಾ, ನಿಮಗೆ ಬಿ.ಪಿ. ಐತ್ರಿ, ದಿನಾ ಗುಳಿಗಿ ತಗೋಬೇಕು' ಎಂದರೆ ಅವನು ನಂಬುವುದು ಹೇಗೆ? 'ನನಗೇನ ಆಗೇತ್ರಿ ಸಾಹೇಬ್ರ?' ಎಂಬ ಅವನ ಪ್ರಶ್ನೆಗೆ ಉತ್ತರ ಹೇಳಲು ತಾಳ್ಮೆ ಬೇಕು, ಅವನ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡು ಅಡುಗೆಯ ಉಪ್ಪಿನ ಬಗ್ಗೆ ಮಾತಾಡಬೇಕು. ಕುಟುಂಬವೈದ್ಯವೆಂದರೆ ಇದೇ.

ಮೊಬೈಲು ಫೋನಿನ ನೆರವೂ ಅಲ್ಪವೇನಲ್ಲ. 2020ರ ಮಾರ್ಚಿನಲ್ಲಿ ದೂರವೈದ್ಯಕ್ಕೆ ಕೇಂದ್ರ ಸರಕಾರದ ನಿಯಮಾವಳಿ ಬಂದ ಮೇಲೆ ಫೋನಿನ ಸಲಹೆಗೆ ಅಧಿಕೃತ ರೂಪ ದೊರೆಯಿತು. ಮಿರಜಿನ ತಜ್ಞರು ಬರೆದ ಚೀಟಿಯ ಚಿತ್ರ ಫೋನಿನಲ್ಲಿದ್ದರೆ ಊರಿನ ವೈದ್ಯರಿಗೆ ಮುಂದಿನ ದಾರಿ ಸುಗಮ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ತೀರದ ಮನೆಗಳಿಗೆ ನುಗ್ಗಿದಂಥ ಸಮಯದಲ್ಲಿ ಕಾಗದದ ಚೀಟಿಯ ಗತಿಯೇನೆಂದು ವಿವರಿಸಬೇಕಾಗಿಲ್ಲ. ಆದರೂ ಫೋನು ಹೊಟ್ಟೆಯನ್ನು ಮುಟ್ಟಿ ನೋಡಲಾರದು.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಇವರು ಊರಿನಲ್ಲಿ ನಿಲ್ಲುವರೇ ಎಂಬುದು. ಎಂ.ಬಿ.ಬಿ.ಎಸ್. ಮುಗಿಸಿದ ತರುಣರ ಕಣ್ಣು ತಜ್ಞ ಪದವಿಯ ಮೇಲೆ, 'ಬರಿಯ ಎಂ.ಬಿ.ಬಿ.ಎಸ್.' ಎಂದು ಮೂಗು ಮುರಿಯುವ ಸಮಾಜವೇ ಅವರನ್ನು ಅತ್ತ ತಳ್ಳುತ್ತದೆ. ಕುಟುಂಬವೈದ್ಯದಲ್ಲಿಯೇ ಮೂರು ವರ್ಷಗಳ ಡಿ.ಎನ್.ಬಿ. ಶಿಕ್ಷಣವಿದೆಯೆಂಬುದನ್ನು ಬಲ್ಲವರು ಎಷ್ಟು ಜನ? 2021–22ರಲ್ಲಿ ಸೇರಿದ ತಂಡದಿಂದ ಮೊದಲ್ಗೊಂಡು ವೈದ್ಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಬೇಕೆಂಬ ಪದ್ಧತಿ ಜಾರಿಗೆ ಬಂದಿದೆ. ಪದವಿ ಕೈಗೆ ಬಂದ ಮೇಲೆ ಅವರಲ್ಲಿ ಎಷ್ಟು ಮಂದಿ ಆ ಹೊಸ್ತಿಲುಗಳಿಗೆ ಮರಳುವರೋ ನೋಡಬೇಕು. ರಾಜ್ಯದ 2012ರ ಕಾಯಿದೆಯಂತೆ ಒಂದು ವರ್ಷದ ಕಡ್ಡಾಯ ಸೇವೆಗೆಂದು ಬಂದವರ ಮಟ್ಟಿಗಂತೂ, ರೋಗಿಯ ಹೆಸರು ನೆನಪಿಗೆ ಬರುವಷ್ಟರಲ್ಲಿ ಗಂಟುಮೂಟೆ ಕಟ್ಟುವ ದಿನ ಸಮೀಪಿಸುತ್ತಿತ್ತು.