ಘಾಟಿ ಇಳಿಯುವಾಗ ಬ್ರೇಕ್ ಯಾಕೆ ಕೈಕೊಡುತ್ತೆ? ಗೆಳೆಯನ ಜೊತೆ ಚಾರ್ಮಾಡಿ–ಕುದುರೆಮುಖ ಒಂದು ದಿನ

ಇವತ್ತಿನ ಸಂಚಿಕೆ ಬೈಕ್ ಬಗ್ಗೆ. ಯಾವ ಬೈಕ್ ಒಳ್ಳೇದು, ಮೈಲೇಜ್ ಎಷ್ಟು ಅನ್ನೋ ಮಾತಲ್ಲ. ಇಬ್ಬರು ಗೆಳೆಯರು ಎರಡು ಬೈಕ್ ತಗೊಂಡು ಘಾಟಿಗೆ ಹೋದಾಗ ಏನಾಗುತ್ತೆ, ಯಾಕಾಗುತ್ತೆ ಅನ್ನೋದು. ಇದರಲ್ಲಿ ಒಬ್ಬ ನಾನು.

ಕಳೆದ ನವೆಂಬರ್‌ನ ಒಂದು ಭಾನುವಾರ. ಹಿಂದಿನ ರಾತ್ರಿಯೇ ಚಿಕ್ಕಮಗಳೂರಿಗೆ ಬಂದು ಉಳಿದುಕೊಂಡಿದ್ದೆವು. ಪ್ಲಾನ್ ಸಿಂಪಲ್. ಬೆಳಿಗ್ಗೆ ಮೂಡಿಗೆರೆ ಮೇಲೆ ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಆಮೇಲೆ ಬೆಳ್ತಂಗಡಿ, ನಾರಾವಿ, ಬಜಗೋಳಿ. ಅಲ್ಲಿಂದ ಮಾಳದ ಕಡೆಯಿಂದ ಘಾಟಿ ಹತ್ತಿ ಕುದುರೆಮುಖ, ಕಳಸ. ಸಂಜೆಗೆ ವಾಪಸ್ ಕೊಟ್ಟಿಗೆಹಾರ, ಚಿಕ್ಕಮಗಳೂರು. ಒಂದು ಘಾಟಿ ಇಳಿಯೋದು, ಇನ್ನೊಂದು ಹತ್ತೋದು. ಪೂರ್ತಿ ಒಂದು ದಿನದ ಸುತ್ತು.

ನನಗೆ ಈ ರಸ್ತೆ ಗೊತ್ತು, ನಾಲ್ಕೈದು ಸಲ ಬಂದಿದ್ದೀನಿ. ನನ್ನ ಗೆಳೆಯನಿಗೆ ಘಾಟಿ ಹೊಸದು. ದಿನಾ ಬೆಂಗಳೂರು ಟ್ರಾಫಿಕ್‌ನಲ್ಲಿ ಬೈಕ್ ಓಡಿಸ್ತಾನೆ, ಹಾಗಾಗಿ ಧೈರ್ಯಕ್ಕೇನೂ ಕಮ್ಮಿ ಇರಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ‘ಮಗಾ, ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ’ ಅಂದ. ನಾನು ಹೋದೆ. ತಪ್ಪು ಶುರುವಾಗಿದ್ದೇ ಅಲ್ಲಿ.

ಕನ್ನಡಿಯಲ್ಲಿ ಕಾಣದೇ ಹೋದ ಹೆಡ್‌ಲೈಟ್

ಮೊದಲ ಕೆಲವು ತಿರುವು ಕನ್ನಡಿಯಲ್ಲಿ ಅವನ ಹೆಡ್‌ಲೈಟ್ ಕಾಣ್ತಾ ಇತ್ತು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಇಬ್ಬರೂ ನಿಂತು ಕೈಮುಗಿದು ಹೊರಟೆವು. ಆಮೇಲೆ ನಾನು ನನ್ನದೇ ಲಯದಲ್ಲಿ ಇಳಿಯುತ್ತಾ ಹೋದೆ. ಒಂದು ಕಡೆ ಕನ್ನಡಿ ನೋಡಿದರೆ ಲೈಟ್ ಇಲ್ಲ. ರಸ್ತೆ ಅಗಲ ಇದ್ದಲ್ಲಿ ನಿಲ್ಲಿಸಿ ಕಾದೆ. ಕೆಳಗಿನಿಂದ ಒಂದು ಬಸ್ ನನ್ನನ್ನು ದಾಟಿ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಮೇಲಿನ ತಿರುವಿನಿಂದ ಬಸ್ಸಿನ ಹಾರ್ನ್ ಕೇಳಿಸ್ತು. ಉದ್ದದ ಹಾರ್ನ್. ಆಮೇಲೆ ಏನೂ ಇಲ್ಲ.

ಫೋನ್ ತೆಗೆದರೆ ನೆಟ್‌ವರ್ಕ್ ಇಲ್ಲ. ಬೈಕ್ ತಿರುಗಿಸಿ ವಾಪಸ್ ಹತ್ತಿದೆ. ಎರಡು ತಿರುವಿನ ದಾರಿ, ಆದರೆ ಆವತ್ತು ಎಷ್ಟು ಉದ್ದ ಅನ್ನಿಸಿತು ಅಂತ ಹೇಳೋಕಾಗಲ್ಲ.

ಅವನು ಹೆಲ್ಮೆಟ್ ತೆಗೆದು ರಸ್ತೆ ಪಕ್ಕ ಕೂತಿದ್ದ. ಬೈಕ್ ಗುಡ್ಡದ ಕಡೆಯ ಚರಂಡಿಯಲ್ಲಿ ಒರಗಿತ್ತು. ಮೊಣಕೈ ತರಚಿತ್ತು, ಅಷ್ಟೇ. ಎಡಕ್ಕೆ ಚರಂಡಿ ಇತ್ತು, ಬಲಕ್ಕೆ ಪ್ರಪಾತ. ಅವನ ಬೈಕ್ ಎಡಕ್ಕೆ ಹೋಗಿತ್ತು.

‘ಬ್ರೇಕೇ ಹಿಡೀಲಿಲ್ಲ ಕಣೋ. ಕಾಲಲ್ಲಿ ಒತ್ತಿದ್ರೆ ಸ್ಪಂಜ್ ಥರ ಒಳಗೆ ಹೋಯ್ತು’ ಅಂದ.

ಬ್ರೇಕ್ ಮಾಡೋ ಕೆಲಸ ಏನು?

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು, ಆದರೆ ಕಷ್ಟ ಏನಿಲ್ಲ. ಎತ್ತರದಲ್ಲಿರೋ ಪ್ರತಿ ವಸ್ತುವಿನಲ್ಲೂ ಶಕ್ತಿ ಕೂಡಿಟ್ಟಿರುತ್ತೆ. ಕೆಳಗೆ ಇಳಿದಾಗ ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದೋ ವೇಗ ಆಗುತ್ತೆ, ಇಲ್ಲಾ ಶಾಖ ಆಗುತ್ತೆ. ಬ್ರೇಕ್ ಅಂದರೆ ವೇಗವನ್ನು ಶಾಖ ಮಾಡೋ ಯಂತ್ರ.

ಲೆಕ್ಕ ಹಾಕೋಣ. ಬೈಕ್, ಸವಾರ, ಬ್ಯಾಗ್ ಎಲ್ಲ ಸೇರಿ 250 ಕಿಲೋ ಅಂದ್ಕೊಳ್ಳಿ. 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗೋ ಶಕ್ತಿಯಲ್ಲಿ ಸುಮಾರು 4 ಲೀಟರ್ ತಣ್ಣೀರನ್ನು ಕುದಿಯೋವರೆಗೆ ಕಾಯಿಸಬಹುದು. ಗಾಳಿಯ ತಡೆ ಸ್ವಲ್ಪ ಹೀರುತ್ತೆ, ನಿಜ. ಉಳಿದಿದ್ದನ್ನು ಪೂರ್ತಿ ಬ್ರೇಕ್ ಮೇಲೇ ಹಾಕಿದರೆ, ಅಂಗೈ ಅಗಲದ ಒಂದು ಡಿಸ್ಕ್, ಬಿಸ್ಕತ್ತಿನಷ್ಟು ದೊಡ್ಡ ಎರಡು ಪ್ಯಾಡ್ ಅಷ್ಟೂ ಶಾಖ ತಡ್ಕೋಬೇಕು.

ಆ ಶಾಖ ಬ್ರೇಕ್ ಆಯಿಲ್‌ಗೂ ತಲುಪುತ್ತೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ಆದರೆ ಈ ಆಯಿಲ್‌ಗೆ ಒಂದು ಗುಣ ಇದೆ, ಗಾಳಿಯಲ್ಲಿರೋ ತೇವವನ್ನು ನಿಧಾನಕ್ಕೆ ಹೀರುತ್ತೆ. ನೀರು ಸೇರಿದ ಹಳೇ ಆಯಿಲ್‌ಗೆ ಅದೇ ದರ್ಜೆಯ ಕನಿಷ್ಠ ಮಿತಿ 155 ಡಿಗ್ರಿ. ಕುದ್ದರೆ ಪೈಪ್ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಕುಗ್ಗಲ್ಲ, ಗುಳ್ಳೆ ಕುಗ್ಗುತ್ತೆ. ಅದಕ್ಕೇ ಪೆಡಲ್ ಒಳಗೆ ಹೋಗುತ್ತೆ, ಚಕ್ರ ನಿಲ್ಲಲ್ಲ.

‘ನನ್ನ ಗಾಡೀಲಿ ಎಬಿಎಸ್ ಇದೆಯಲ್ಲ’ ಅಂತ ನೀವು ಕೇಳಬಹುದು. ಎಬಿಎಸ್ ಇರೋದು ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋಕೆ. ಕುದಿಯೋ ಆಯಿಲ್‌ಗೆ ಅದರಿಂದ ಏನೂ ಉಪಯೋಗ ಇಲ್ಲ.

ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತಾ?

ಗೆಳೆಯ ಇನ್ನೊಂದು ವಿಷಯ ಒಪ್ಕೊಂಡ. ಇಳಿಜಾರಲ್ಲಿ ಪೆಟ್ರೋಲ್ ಉಳಿಸೋಣ ಅಂತ ನ್ಯೂಟ್ರಲ್ ಹಾಕಿದ್ದ, ಕಾಲು ಬ್ರೇಕ್ ಮೇಲೇ ಇಟ್ಟಿದ್ದ. ನಮ್ಮಲ್ಲಿ ತುಂಬಾ ಜನ ಇದನ್ನೇ ಮಾಡ್ತೀವಿ.

2020ರ ಏಪ್ರಿಲ್‌ನಿಂದ ಬಿಎಸ್6 ನಿಯಮ ಬಂದಮೇಲೆ ಹೊಸ ಬೈಕ್‌ಗಳಲ್ಲಿ ಬಹುತೇಕ ಫ್ಯುಯೆಲ್ ಇಂಜೆಕ್ಷನ್ ಇದೆ. ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ, ಚಕ್ರವೇ ಎಂಜಿನ್ ತಿರುಗಿಸುತ್ತೆ. ಆಗ ಸಾಮಾನ್ಯವಾಗಿ ಇಂಜೆಕ್ಟರ್ ಪೆಟ್ರೋಲ್ ಬಿಡೋದನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರೋಕೆ ಸ್ವಲ್ಪ ಸ್ವಲ್ಪ ಪೆಟ್ರೋಲ್ ಸುಡ್ತಾನೇ ಇರುತ್ತೆ. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ ಕೊಡೋ ಹಿಡಿತವೂ ಇಲ್ಲ.

ಆ ಹಿಡಿತಕ್ಕೇ ಎಂಜಿನ್ ಬ್ರೇಕಿಂಗ್ ಅಂತಾರೆ. ಸುಲಭದ ಸೂತ್ರ: ಆ ಏರನ್ನು ಯಾವ ಗೇರ್‌ನಲ್ಲಿ ಹತ್ತುತ್ತಿದ್ದಿರೋ, ಅದೇ ಗೇರ್‌ನಲ್ಲಿ ಇಳಿಯಿರಿ. ಎರಡು ಅಥವಾ ಮೂರು. ಬ್ರೇಕನ್ನು ಒತ್ತಿ ಹಿಡ್ಕೊಂಡೇ ಇರಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಸರಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಆ ಬಿಡುವಿನಲ್ಲೇ ಡಿಸ್ಕ್ ಗಾಳಿಗೆ ತಣ್ಣಗಾಗೋದು. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಈ ಹಿಡಿತ ಕಮ್ಮಿ, ನಿಧಾನ ಆದಾಗ ಕ್ಲಚ್ ತಾನೇ ಬಿಟ್ಟುಬಿಡುತ್ತೆ. ಹಾಗಾಗಿ ಸ್ಕೂಟರ್‌ನವರು ಮಧ್ಯೆ ಮಧ್ಯೆ ನಿಂತು ಇಳೀಬೇಕು. ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗಬಹುದು.

ಇನ್ನೊಂದು ಲೆಕ್ಕ. ತಿರುವಿಗೆ ಗಂಟೆಗೆ 40 ಕಿಲೋಮೀಟರ್ ಬದಲು 50ರಲ್ಲಿ ಬಂದರೆ ಹೆಚ್ಚಾಗಿದ್ದು ಹತ್ತೇ ಅನ್ನಿಸುತ್ತೆ. ಆದರೆ ಬ್ರೇಕ್ ನಿಭಾಯಿಸಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ.

ನಿಜವಾದ ಕಾರಣ

ಅರ್ಧ ಗಂಟೆ ಕೂತೆವು. ಬ್ರೇಕ್ ತಣ್ಣಗಾದಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಆವಿ ವಾಪಸ್ ದ್ರವ ಆದಾಗ ಹೀಗಾಗುತ್ತೆ. ಆದರೆ ಅದನ್ನು ನಂಬಿ ಸುಮ್ಮನಾಗಬಾರದು. ಮೊದಲ ಗೇರ್‌ನಲ್ಲಿ ನಿಧಾನಕ್ಕೆ ಉಜಿರೆಗೆ ಇಳಿದೆವು. ಅಲ್ಲಿ ಮೆಕ್ಯಾನಿಕ್ ಆಯಿಲ್ ತೆಗೆದು ತೋರಿಸಿದರು. ಕಾಫಿ ಬಣ್ಣ. ಬೈಕ್ ತಗೊಂಡು ಮೂರು ವರ್ಷ ದಾಟಿತ್ತು, ಒಂದ್ಸಲವೂ ಬದಲಾಯಿಸಿರಲಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹಾಕಿಸಬೇಕು.

ಟೀ ಕುಡೀತಾ ಕೇಳಿದೆ, ‘ಅಷ್ಟು ಸ್ಪೀಡ್ ಯಾಕೆ ಬಂದ್ಯೋ? ನಿಧಾನಕ್ಕೆ ಬಾ ಅಂದಿದ್ನಲ್ಲ?’

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ನಿನ್ನ ಟೇಲ್‌ಲೈಟ್ ಕಾಣ್ದೇ ಹೋಯ್ತು ಮಗಾ. ಹಿಂದೆ ಬಿದ್ರೆ ನೀನು ಆಡ್ಕೋತೀಯ ಅನ್ನಿಸ್ತು.’

ಆಡ್ಕೋತಿದ್ದೆ. ಅದು ನನಗೂ ಗೊತ್ತು.

ಇವತ್ತಿನ ಸಂಚಿಕೆಯ ಮುಖ್ಯ ಮಾತು ಇದೇ. ಆಯಿಲ್ ಹಳೇದು, ನ್ಯೂಟ್ರಲ್ ತಪ್ಪು, ಎರಡೂ ನಿಜ. ಆದರೆ ಅವನನ್ನು ಚರಂಡಿಗೆ ತಳ್ಳಿದ್ದು ಮುಂದೆ ಹೋಗ್ತಿದ್ದ ನನ್ನ ವೇಗ. ಹಿಂದಿನವನು ತನ್ನ ಕಣ್ಣಿಗೆ ಕಾಣೋ ತಿರುವು ಬಿಟ್ಟು ಮುಂದಿನವನ ಬೈಕ್ ನೋಡ್ತಾನೆ. ಅವನು ದಾಟಿದ ಅಂದರೆ ನಾನೂ ದಾಟಬಹುದು ಅಂದ್ಕೋತಾನೆ. ಇಬ್ಬರ ಅನುಭವ, ಟೈರ್, ಬ್ರೇಕ್ ಬೇರೆ ಬೇರೆ ಅನ್ನೋದು ಆ ಕ್ಷಣ ತಲೆಗೆ ಬರಲ್ಲ.

ಹತ್ತುವಾಗ ಜಾಗ ಬದಲಾಯಿತು

ಊಟ ಮುಗಿಸಿ ಬಜಗೋಳಿ ದಾಟಿದಮೇಲೆ ಅವನನ್ನು ಮುಂದೆ ಬಿಟ್ಟೆ. ಮಾಳ ದಾಟಿ ಹತ್ತುತ್ತಾ ಹೋದಂತೆ ಕಾಡು ದಟ್ಟ ಆಗುತ್ತೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಇದು. ಚೆಕ್‌ಪೋಸ್ಟ್‌ನಲ್ಲಿ ವಿವರ ಬರೆಸಿ ಹೋಗಬೇಕು, ನಡುವೆ ಎಲ್ಲೆಂದರಲ್ಲಿ ನಿಲ್ಲೋ ಹಾಗಿಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋ ಗಂಗಾಮೂಲ ಇದೇ ಕಾಡಿನಲ್ಲಿದೆ. 2005ರ ಕೊನೆಗೆ ಗಣಿಗಾರಿಕೆ ನಿಂತಮೇಲೆ ಕುದುರೆಮುಖ ಪಟ್ಟಣ ಬಹುತೇಕ ಖಾಲಿಯಾಗಿದೆ. ಸುತ್ತ ಹಸಿರು ಹುಲ್ಲಿನ ಗುಡ್ಡ, ನಡುವೆ ಕಪ್ಪು ರಸ್ತೆ.

ಇಲ್ಲಿ ಅವನ ಹಿಂದೆ ಹೋಗ್ತಾ ನಾನು ನೋಡಿದ್ದು: ಬಲತಿರುವಿನಲ್ಲಿ ಅವನ ಚಕ್ರ ತನ್ನ ಕಡೆಯೇ ಇದ್ದರೂ, ಬೈಕ್ ಬಾಗಿದಾಗ ತಲೆ ನಡುಗೆರೆ ದಾಟಿ ಎದುರಿನವರ ಕಡೆ ಹೋಗ್ತಿತ್ತು. ಮುಂದಿನ ಸಲ ನಿಂತಾಗ ಹೇಳಿದೆ. ಆಮೇಲೆ ಎಡಕ್ಕೆ ಸರಿದು ತಿರುಗಿಸಿದ. ಮುಂದೆ ಹೋಗಿದ್ದರೆ ಇದು ನನಗೆ ಕಾಣ್ತಲೇ ಇರಲಿಲ್ಲ. ಮತ್ತೊಂದು ವಿಷಯ, ಕಿರಿದಾದ ಘಾಟಿ ರಸ್ತೆಯಲ್ಲಿ ಇಳಿಯೋ ಗಾಡಿ, ಹತ್ತೋ ಗಾಡಿಗೆ ದಾರಿ ಬಿಡಬೇಕು. ಇದು ಮರ್ಯಾದೆಯ ಮಾತಷ್ಟೇ ಅಲ್ಲ, ಸಂಚಾರ ನಿಯಮ ಕೂಡ. ಬೆಳಿಗ್ಗೆ ಆ ಬಸ್‌ಗೆ ದಾರಿ ಬಿಡಬೇಕಾದವನು ನನ್ನ ಗೆಳೆಯ. ಬಿಡೋಕೆ ಬ್ರೇಕ್ ಇರಲಿಲ್ಲ.

ಆವತ್ತಿಂದ ನಾವು ಮೂರು ಮಾತು ಇಟ್ಕೊಂಡಿದ್ದೀವಿ. ಒಂದು, ಹೊಸಬ ಮುಂದೆ, ಅವನ ವೇಗವೇ ಇಬ್ಬರ ವೇಗ. ಎರಡು, ನೆಟ್‌ವರ್ಕ್ ಇರಲ್ಲ, ಹಾಗಾಗಿ ಮುಂದೆ ಎಲ್ಲಿ ಸೇರೋದು ಅಂತ ಮೊದಲೇ ಮಾತಾಡಿರಬೇಕು. ಮೂರು, ತಡ ಆಗಿದ್ದಕ್ಕೆ ಯಾರನ್ನೂ ಆಡ್ಕೋಬಾರದು.

ಕಳಸ ದಾಟಿ ಕೊಟ್ಟಿಗೆಹಾರಕ್ಕೆ ಬಂದಾಗ ಕತ್ತಲಾಗಿತ್ತು. ಅಂದುಕೊಂಡಿದ್ದಕ್ಕಿಂತ ಎರಡು ಗಂಟೆ ತಡ. ‘ತುಂಬಾ ಲೇಟ್ ಮಾಡಿಬಿಟ್ಟೆ ಅಲ್ವಾ?’ ಅಂದ. ‘ಮಾಡಿದ್ರೆ ಮಾಡ್ದೆ, ಬಾ ದೋಸೆ ತಿನ್ನೋಣ’ ಅಂದೆ.

ನೀವೂ ಈ ವಾರ ಯಾರ ಜೊತೆಗಾದರೂ ಘಾಟಿಗೆ ಹೊರಟಿದ್ದರೆ, ಇದನ್ನು ಅವರಿಗೂ ಕಳಿಸಿ. ಹೊರಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?’ ಉತ್ತರ ಗೊತ್ತಿಲ್ಲ ಅಂದರೆ, ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ. ಘಾಟಿ ಎಲ್ಲೂ ಹೋಗಲ್ಲ. ಮತ್ತೆ ಸಿಗೋಣ.